ಬೆರಳು ಕಾಣುವ ಕ್ಯಾಮೆರಾ

ಟರ್ನರ್ ಯಾವ ವಸ್ತುವನ್ನೂ ಕಂಡ ದಿನವೇ ಕೊಂಡವನಲ್ಲ. ಕಾರ್ಖಾನೆಯ ಲೇತ್ ಯಂತ್ರದ ಮುಂದೆ ಇಪ್ಪತ್ತಾರು ವರ್ಷ ನಿಂತು ಉಕ್ಕು ಕಡೆದವನು ಅವನು; ಆ ಕೆಲಸದ ಹೆಸರೇ ಅವನ ಹೆಸರಾಗಿತ್ತು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಾಕು, ಆ ತುಂಡನ್ನು ಪಕ್ಕಕ್ಕೆಸೆದು ಹೊಸದನ್ನು ಶುರುಮಾಡುತ್ತಿದ್ದ. ಜೊತೆಯವರು ಅವನಿಗೆ ಕೂದಲಿನ ದಪ್ಪವನ್ನೂ ಅಳೆಯುವ ಮೈಕ್ರೋಮೀಟರಿನ ಹೆಸರನ್ನೇ ಇಟ್ಟಿದ್ದರು. ಹಂಗಿಸಲು ಇಟ್ಟ ಹೆಸರನ್ನು ಅವನು ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದ. ನಾಲ್ಕು ತಿಂಗಳು ಅಂಗಡಿ ಅಂಗಡಿ ಅಲೆದು ಅವನು ತಂದ ಕುಕ್ಕರ್ ಹದಿನೇಳು ವರ್ಷವಾದರೂ ಸರಿಯಾಗಿ ಸೀಟಿ ಹಾಕುತ್ತಿತ್ತು. ಮನೆಗೆ ಬಂದವರು ಕೇಳಲಿ ಬಿಡಲಿ, ಅವರಿಗೆಲ್ಲ ಅದನ್ನು ತೋರಿಸಿಯೇ ಕಳಿಸುತ್ತಿದ್ದ.

ಹೀಗಿರುವವನ ಮನೆಗೆ ವಿಡಿಯೊ ಕ್ಯಾಮೆರಾ ಬೇಕಾಯಿತು.

ಬೇಕಾದದ್ದು ಅವನ ಹೆಂಡತಿಗೆ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳದು. ದೊಡ್ಡ ಮುದ್ರಣಾಲಯವೊಂದರ ಬೈಂಡಿಂಗ್ ವಿಭಾಗ ಅವಳ ಕೈಯಲ್ಲಿತ್ತು. ಅವಳು ಹೇಳಿದ ಹಾಗೆ ಕೇಳುವವರು ಎಂಟು ಜನ. ಕಾಗದವನ್ನು ಎರಡು ಬೆರಳಲ್ಲಿ ಹಿಡಿದರೆ ಅದು ಯಾವ ಕಡೆಗೆ ಸಲೀಸಾಗಿ ಮಡಿಯುತ್ತದೆಂದು ಹೇಳುತ್ತಿದ್ದಳು. ಹೇಳುತ್ತಿದ್ದುದೂ ಕೈಯಲ್ಲೇ. ಮನೆಯಲ್ಲಿ ಮಗಳು ತೊಟ್ಟಿಲಿನಿಂದಲೇ ಕೈಭಾಷೆ ಕಲಿತವಳು. ಟರ್ನರ್‌ನದು ಒರಟು ಕೈಭಾಷೆ. ಅರ್ಧ ತಪ್ಪು, ಆದರೆ ಒಂದು ದಿನವೂ ನಿಂತದ್ದಿಲ್ಲ. ಅವನ ತಾಯಿಗೆ ಮಾತ್ರ ಹತ್ತೊಂಬತ್ತು ವರ್ಷದಲ್ಲಿ ಬಂದದ್ದು ಐದೇ ಮಾತು: ಬಾ, ಉಣ್ಣು, ಉಪ್ಪು, ಸಾಕು, ಮಲಗು. ಅತ್ತೆ ಸೊಸೆಯರ ಸಂಸಾರ ಅಷ್ಟರಲ್ಲೇ ನಡೆದಿತ್ತು.

ಹೆಂಡತಿ ಓದಿದ್ದು ಕಿವಿ ಕೇಳದ ಮಕ್ಕಳ ವಸತಿ ಶಾಲೆಯಲ್ಲಿ. ಅಲ್ಲಿ ದೊಡ್ಡ ಹುಡುಗಿಯರು ಚಿಕ್ಕವರಿಗೆ ಭಾನುವಾರದ ಮಧ್ಯಾಹ್ನಗಳಲ್ಲಿ ಕಥೆ ಹೇಳುತ್ತಿದ್ದರು. ಯಾವ ಪುಸ್ತಕದಲ್ಲೂ ಇಲ್ಲದ ಆ ಕಥೆಗಳು ಕೈಯಿಂದ ಕೈಗೆ ಇಳಿದು ಬಂದಂಥವು. ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಒಂದು ಕಾಗದ ಬರೆದಿದ್ದರು: ಈಗಿನ ಮಕ್ಕಳಿಗೆ ಪಾಠ ಹೇಳುವವರಿದ್ದಾರೆ, ಕಥೆ ಹೇಳುವವರಿಲ್ಲ. ನಿಮಗೆ ನೆನಪಿರುವುದರಲ್ಲಿ ಹನ್ನೆರಡನ್ನು ವಿಡಿಯೊ ಮಾಡಿ ಕೊಟ್ಟರೆ ಹೊಸ ಸಭಾಂಗಣ ತೆರೆಯುವ ದಿನ ತೋರಿಸುತ್ತೇವೆ. ನಮ್ಮಲ್ಲಿ ಕ್ಯಾಮೆರಾ ಇಲ್ಲ. ಮೂರು ತಿಂಗಳ ಸಮಯವಿದೆ.

ಹೆಂಡತಿ ಅದನ್ನು ನಾಲ್ಕು ಸಲ ಓದಿ, ಉಗುರಿನಿಂದ ನೇರ ಗೆರೆ ತೀಡಿ ಮಡಿಸಿ, ಊಟಕ್ಕೆ ಕೂತಾಗ ಗಂಡನ ತಟ್ಟೆಯ ಪಕ್ಕ ಇಟ್ಟಳು.

"ಬೋನಸ್ ಬರೋದಿದೆಯಲ್ಲ," ಎಂದ ಟರ್ನರ್ ಓದಿ ಮುಗಿಸಿ. "ಅದರಲ್ಲಿ ಒಂದು ಕ್ಯಾಮೆರಾ ತಗೊಂಡುಬಿಡೋಣ."

ಅವನ ತಾಯಿ ಬೇಳೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೇ ಬಿಟ್ಟಳು.

"ಬೋನಸ್ಸಲ್ಲಿ ಬಟ್ಟೆ ಒಗೆಯೋ ಮೆಷಿನ್ ಅಂದಿದ್ದೆ."

"ಅಂದಿದ್ದೆ ಅಮ್ಮ."

"ಹೋದ ವರ್ಷಾನೂ ಅಂದಿದ್ದೆ. ಆಗ ಇನ್ನೂ ಹೋಲಿಸಿ ನೋಡ್ತಿದ್ದೀನಿ ಅಂದೆ."

ಮಗಳು ನಗು ತಡೆಯಲು ನೀರಿನ ಲೋಟ ಬಾಯಿಗಿಟ್ಟುಕೊಂಡಳು.

"ಮೆಷಿನ್ ಮುಂದಿನ ಬೋನಸ್ಸಿಗೆ. ಇದಕ್ಕೆ ಗಡುವಿದೆ ಅಮ್ಮ."

"ನನ್ನ ಭುಜಕ್ಕೂ ಗಡುವಿದೆ ಕಣೋ."

ತಾಯಿ ದೊಡ್ಡಾಸ್ಪತ್ರೆಯ ಒಗೆಯುವ ಮನೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಎಡ ಭುಜ ಈಗ ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹಾಗಂತ ಮನೆಯ ಬಟ್ಟೆಯನ್ನು ಬೇರೆಯವರು ಮುಟ್ಟುವ ಹಾಗೂ ಇರಲಿಲ್ಲ. ಬೇರೆಯವರು ಒಗೆದದ್ದು ಅವಳ ಕಣ್ಣಿಗೆ ಒಗೆದದ್ದೇ ಅಲ್ಲ.

ಹೆಂಡತಿ ಎಲ್ಲರ ತುಟಿಗಳನ್ನೂ ನೋಡುತ್ತಿದ್ದವಳು ಮಗಳ ಕಡೆ ತಿರುಗಿದಳು. ಮಗಳು ನಡೆದದ್ದನ್ನು ಕೈಯಲ್ಲಿ ಹೇಳಿದಳು. ಹೆಂಡತಿ ಕಾಗದವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮೊದಲು ಅವರ ಮೆಷಿನ್ ಬರಲಿ. ನನ್ನ ಕಥೆ ಕಾಯುತ್ತೆ."

"ಏನಂತೆ ಅವಳದು?" ಎಂದಳು ತಾಯಿ.

ಮಗಳು ಹೇಳಿದಳು.

"ಹಾಗಾದ್ರೆ ಮೆಷಿನ್ ಬೇಡ. ಇನ್ನೊಬ್ಬರು ಬಿಟ್ಟುಕೊಟ್ಟದ್ದು ನನಗೆ ಯಾಕೆ? ಕೊಂಡ್ಕೊಳ್ಳಿ ನಿಮ್ಮ ಕ್ಯಾಮೆರಾ."

"ಅಮ್ಮನೂ ಬೇಡ ಅಂತಾಳೆ, ನೀನೂ ಬೇಡ ಅಂತೀಯ ಅಜ್ಜಿ," ಎಂದಳು ಮಗಳು. "ಇಬ್ಬರಿಗೂ ಬೇಡವಾದ ಬೋನಸ್ ನನಗೆ ಕೊಡಿ, ನನಗೆ ಬೇಕಾದದ್ದು ಬೇಕಾದಷ್ಟಿದೆ."

ಕೊನೆಗೆ ಟರ್ನರ್ ತೀರ್ಪು ಕೊಟ್ಟ: ಈ ಸಲ ಕ್ಯಾಮೆರಾ, ಮೆಷಿನ್ ಬರುವ ತನಕ ಭಾನುವಾರದ ಬಟ್ಟೆ ಅವನ ಪಾಲಿಗೆ. ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ತಾಯಿ ಬಟ್ಟೆ ಬಡಿಯುವ ಸದ್ದು ಬೀದಿಗೆಲ್ಲ ಕೇಳಿಸಿತು.

"ಅಮ್ಮ, ಅವಳಿಗೆ ಕೇಳಿಸಲ್ಲ," ಎಂದ ಟರ್ನರ್ ಬಾಗಿಲಲ್ಲಿ ನಿಂತು.

"ಗೊತ್ತು. ನಿನಗೆ ಕೇಳಿಸ್ತಲ್ಲ, ಸಾಕು."

ಮುಂದಿನ ಮೂರು ವಾರ ಟರ್ನರ್‌ಗೆ ಪುರುಸೊತ್ತೇ ಇರಲಿಲ್ಲ. ಪಾಳಿ ಮುಗಿದ ಮೇಲೆ ಅಂಗಡಿಗಳ ಸುತ್ತು. ಎಲ್ಲ ಕಡೆ ಕ್ಯಾಮೆರಾ ಕೈಗೆತ್ತಿಕೊಂಡು ತೂಗಿ ನೋಡಿದ, ಗುಂಡಿಗಳನ್ನು ಒತ್ತಿದ, ಮಾರುವವರ ತಾಳ್ಮೆ ತೀರುವ ತನಕ ಪ್ರಶ್ನೆ ಕೇಳಿದ. ಟೇಪ್ ಹಾಕುವಂಥದ್ದು, ಪುಟ್ಟ ಡಿಸ್ಕ್ ಹಾಕುವಂಥದ್ದು, ಕಾರ್ಡ್ ಹಾಕುವಂಥದ್ದು. ಬೆಲೆಪಟ್ಟಿಗಳು ಊಟದ ಮೇಜನ್ನು ತುಂಬಿಕೊಂಡವು. ತಟ್ಟೆ ಇಡಲು ಜಾಗವಿಲ್ಲದೆ ಮನೆಮಂದಿಯೆಲ್ಲ ಒಂದು ಮೂಲೆಯಲ್ಲಿ ಒತ್ತಿಕೊಂಡು ಉಣ್ಣಬೇಕಾಯಿತು.

"ಯಾವುದು?" ಎಂದು ಹೆಂಡತಿ ಒಂದು ದಿನ ಕೇಳಿದಳು.

"ತಾಳು."

ಮರುವಾರ ಮತ್ತೆ ಕೇಳಿದಳು. "ಇನ್ನೂ ಎರಡು ನೋಡೋದಿದೆ," ಎಂದ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಅವಳು ಸುಮ್ಮನಾದದ್ದನ್ನು ಅವನು ಒಪ್ಪಿಗೆಯೆಂದುಕೊಂಡ.

ಮೂರನೆಯ ಭಾನುವಾರ ಚಹಾ ಆದಮೇಲೆ ಅವನು ಕಾರ್ಖಾನೆಯಿಂದ ತಂದ ಹಳೆಯ ನಕ್ಷೆ ಹಾಳೆಯ ಹಿಂಬದಿಯನ್ನು ಮೇಜಿನ ಮೇಲೆ ಹಾಸಿದ. ಸ್ಕೇಲಿಟ್ಟು ಎಳೆದ ಹನ್ನೊಂದು ಅಂಕಣ, ಐದು ಕ್ಯಾಮೆರಾ, ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟೆಂದು ಅಂಕ. ದೂರದ್ದನ್ನು ಹತ್ತಿರ ತರುವ ಶಕ್ತಿ, ತೂಕ, ಬ್ಯಾಟರಿ ಬಾಳುವ ಹೊತ್ತು, ರಿಪೇರಿಯವರು ಎಷ್ಟು ದೂರ, ಎಲ್ಲವೂ ಅದರಲ್ಲಿತ್ತು. ಅಷ್ಟು ಅಚ್ಚುಕಟ್ಟಾದ ಹಾಳೆಯನ್ನು ಅವನು ಜನ್ಮದಲ್ಲಿ ಬರೆದಿರಲಿಲ್ಲ. ಮೂವರನ್ನೂ ಕರೆದು ತೋರಿಸಿದ.

ಹೆಂಡತಿ ಬಗ್ಗಿ ಒಂದೊಂದೇ ಅಂಕಣದ ಮೇಲೆ ಬೆರಳಿಟ್ಟುಕೊಂಡು ಹೋದಳು. ಏಳನೆಯದರಲ್ಲಿ ಬೆರಳು ನಿಂತಿತು. ಎಲ್ಲಕ್ಕಿಂತ ಹೆಚ್ಚು, ಇಪ್ಪತ್ತು ಅಂಕ ಇದ್ದದ್ದು ಅದಕ್ಕೆ.

"ಇದೇನು?"

"ಸದ್ದು," ಎಂದು ಟರ್ನರ್ ಕೈಯಲ್ಲಿ ಹೇಳಿದ. "ಮೈಕ್ ಎಷ್ಟು ಚೆನ್ನಾಗಿ ಹಿಡಿಯುತ್ತೆ ಅಂತ."

ಮಗಳು ಕಪ್ಪನ್ನು ಕೆಳಗಿಟ್ಟಳು. "ಅಪ್ಪಾ. ಯಾರ ಸದ್ದು?"

ಟರ್ನರ್ ಹಾಳೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕುತ್ತಿಗೆಯಿಂದ ಕಿವಿಯವರೆಗೂ ಬಿಸಿಯೇರಿತು.

ಹೆಂಡತಿ ನಗಲಿಲ್ಲ. "ಬೆರಳಿಗೆ ಎಷ್ಟು ಅಂಕ?" ಎಂದು ಕೇಳಿದಳು. ಬೆರಳಿಗೆ ಅಂಕಣವೇ ಇರಲಿಲ್ಲ. "ಮೂರು ವಾರದಲ್ಲಿ ಎಷ್ಟು ಅಂಗಡಿಯವರನ್ನ ಕೇಳಿದೆ? ನನ್ನನ್ನ ಎಷ್ಟು ಸಲ ಕೇಳಿದೆ?"

ಕೈಭಾಷೆಯಲ್ಲಿ ನೀನು, ನೀವು ಎರಡಕ್ಕೂ ಒಂದೇ ಬೆರಳು. ಆವತ್ತು ಆ ಬೆರಳು ಹೇಳಿದ್ದು ಸಿಟ್ಟಿನ ನೀನು ಎಂಬುದರಲ್ಲಿ ಟರ್ನರ್‌ಗೆ ಅನುಮಾನವಿರಲಿಲ್ಲ.

ಅವಳು ಎದ್ದು ಒಳಗೆ ಹೋದಳು. ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ತಾಯಿ ಮಡಿಸುವುದನ್ನು ನಿಲ್ಲಿಸದೆಯೇ ಹೇಳಿದಳು: "ಮೈಕ್ರೋಮೀಟರಂತೆ. ಹಾಕ್ಕೊಳ್ಳೋಳ ತಲೆ ಬಿಟ್ಟು ಊರಿನ ಟೋಪಿಯನ್ನೆಲ್ಲ ಅಳೆದು ಬಂದಿದ್ದಾನೆ."

"ಅಮ್ಮ, ನೀನು ಬೇರೆ."

"ನಾನು ಬೇರೆಯೇ. ಅವಳಿಗೂ ನನಗೂ ಆಗಿಬರಲ್ಲ, ಅದು ಬೇರೆ ಮಾತು. ಕೆಲಸ ಮಾಡೋದು ಅವಳ ಕೈ. ಆ ಕೈಯನ್ನ ಕರ್ಕೊಂಡು ಹೋಗು ಅಂಗಡಿಗೆ."

ಶನಿವಾರ ಮಧ್ಯಾಹ್ನ ಹೆಂಡತಿ ಕೈಗಳು ಎದ್ದು ಕಾಣಲೆಂದು ಗಾಢ ಬಣ್ಣದ, ಹೂವಿಲ್ಲದ, ಗೆರೆಯಿಲ್ಲದ ಉಡುಪು ಉಟ್ಟು, ಬಳೆ ಉಂಗುರ ತೆಗೆದಿಟ್ಟು ಹೊರಟಳು. ಮಗಳೂ ಜೊತೆಗೆ ಬಂದಳು. ಟರ್ನರ್‌ನ ಪಟ್ಟಿಯ ಐದೂ ಕ್ಯಾಮೆರಾ ಒಂದೇ ಕಡೆ ಸಿಗುವ ಅಂಗಡಿ ಅದು. ಅಂಗಡಿಯೊಡತಿ ಟರ್ನರ್‌ನನ್ನು ಕಂಡು ನಿಟ್ಟುಸಿರಿಟ್ಟಳು. ಇದು ಅವನ ಆರನೆಯ ಭೇಟಿ.

"ಇವರು ಮನೆಯವರಾ? ಓ, ಕೇಳಿಸಲ್ವಾ? ಪಾಪ."

ಹೆಂಡತಿಯ ಕೈ ಆಡಿತು. ಮಗಳು ತಲೆ ತಗ್ಗಿಸಿದಳು. ಟರ್ನರ್ ಗಂಟಲು ಸರಿಮಾಡಿಕೊಂಡು ಅದನ್ನು ಮಾತಿಗೆ ತಂದ: "ಎಲ್ಲ ಪದಕ್ಕಿಂತ ಆ ಪಾಪ ಅನ್ನೋದನ್ನ ತುಟಿ ನೋಡಿ ಓದೋದು ತುಂಬ ಸುಲಭ ಅಂತಿದ್ದಾಳೆ. ದಿನಾ ಸಿಗುತ್ತಂತೆ."

ಒಡತಿಯ ಮುಖ ಕೆಂಪಾಯಿತು. ಐದೂ ಕ್ಯಾಮೆರಾ ತಂದು ಗಾಜಿನ ಮೇಲೆ ಸಾಲಾಗಿಟ್ಟು, ದೊಡ್ಡ ಟಿವಿಗೆ ತಂತಿ ಜೋಡಿಸಿಕೊಟ್ಟಳು.

ಹೆಂಡತಿ ಮೊದಲು ಮಾಡಿದ್ದು ನೆಲ ಅಳೆಯುವ ಕೆಲಸ. ಹೆಜ್ಜೆಗೆ ಹೆಜ್ಜೆ ತಾಗಿಸಿ ಒಂಬತ್ತು ಹೆಜ್ಜೆ ಎಣಿಸಿ ನಿಂತಳು. "ನಮ್ಮ ಕೋಣೆ ಇಷ್ಟೇ." ಎರಡು ತೋಳನ್ನೂ ಅಗಲಿಸಿದಳು. ಅಷ್ಟು ಹತ್ತಿರದಿಂದ ಎರಡು ಕ್ಯಾಮೆರಾಗಳಲ್ಲಿ ಅವಳ ಮೊಣಕೈಯಿಂದಾಚೆ ಕೈಯೇ ಇರಲಿಲ್ಲ. ಅವು ಎರಡೂ ದೂರದ್ದನ್ನು ಹತ್ತಿರ ತರುವುದರಲ್ಲಿ ಗಟ್ಟಿಗ ಕ್ಯಾಮೆರಾಗಳು; ಟರ್ನರ್ ಅದಕ್ಕೇ ಹದಿನೈದು ಅಂಕ ಕೊಟ್ಟಿದ್ದ. ತನ್ನ ಮನೆಯ ಕೋಣೆಯ ಅಳತೆ ತನ್ನ ಹಾಳೆಯಲ್ಲಿ ಇಲ್ಲದ್ದು ಅವನಿಗೆ ಆಗ ಹೊಳೆಯಿತು.

ಆಮೇಲೆ ಅವಳು ಅಲಂಕಾರದ ದೀಪಗಳನ್ನು ಆರಿಸಲು ಹೇಳಿದಳು. ಮನೆಯಲ್ಲಿ ಇರುವಷ್ಟೇ ಬೆಳಕು ಉಳಿದಾಗ ಕಥೆ ಶುರುಮಾಡಿದಳು.

ನಿದ್ದೆಹೋದ ಆನೆಯನ್ನು ಇರುವೆಗಳು ಹೊತ್ತುಕೊಂಡು ಹೋಗುವ ಕಥೆ. ಹತ್ತು ಬೆರಳೂ ಇರುವೆಗಳು, ಒಂದರ ಹಿಂದೊಂದು ಬಿರಬಿರನೆ ಓಡುತ್ತವೆ. ಎಲ್ಲವೂ ಮುಂದಕ್ಕೆ ಎಳೆಯುವಾಗ ಎಡಗೈಯ ಕಿರುಬೆರಳಿನ ಇರುವೆ ಮಾತ್ರ ಹಿಂದಕ್ಕೆ ಎಳೆಯುತ್ತಿರುತ್ತದೆ. ಅದರಿಂದಲೇ ಆನೆ ಒಂದು ಮಾರೂ ಮುಂದೆ ಹೋಗುವುದಿಲ್ಲ. ಕಥೆಯ ಜೀವವೆಲ್ಲ ಆ ಕಿರುಬೆರಳಿನಲ್ಲಿತ್ತು.

ಪಟ್ಟಿಯಲ್ಲಿ ಮೊದಲು ಬಂದ ಕ್ಯಾಮೆರಾದ ಚಿತ್ರವನ್ನು ಟಿವಿಯಲ್ಲಿ ನೋಡಿದರು. ಮುಖ ಸ್ಪಷ್ಟ, ಬಟ್ಟೆ ಸ್ಪಷ್ಟ. ಬೆರಳಿದ್ದ ಜಾಗದಲ್ಲಿ ಮಾತ್ರ ಹೊಗೆ.

"ಕಿರುಬೆರಳು ಎಲ್ಲಿ?" ಎಂದಳು ಹೆಂಡತಿ.

"ಸ್ವಲ್ಪ ನಿಧಾನ ಮಾಡಬಹುದಲ್ವಾ?" ಎಂದಳು ಒಡತಿ.

"ಇರುವೆ ನಿಧಾನಕ್ಕೆ ಓಡಲ್ಲ," ಎಂದ ಟರ್ನರ್, ಕೈಭಾಷೆಗೆ ತರುವುದನ್ನೂ ಮರೆತು. ಹೆಂಡತಿ ಏನೆಂದು ಕೇಳಿದಳು. ಅವನು ಇಬ್ಬರ ಮಾತನ್ನೂ ಹೇಳಿದ. ಒಂದು ವಾರದಿಂದ ಬಿಗಿದಿದ್ದ ಅವಳ ತುಟಿಯ ತುದಿ ಸ್ವಲ್ಪ ಸಡಿಲವಾಯಿತು.

ಇನ್ನೊಂದರಲ್ಲೂ ಹೊಗೆಯೇ. ಕೊನೆಗೆ ಉಳಿದದ್ದು ಪಟ್ಟಿಯಲ್ಲಿ ಐದನೆಯದು: ಹೋದ ವರ್ಷದ ಮಾದರಿ, ಇಟ್ಟಿಗೆಯಂಥ ಮೈ. ಅದರಲ್ಲೂ ಬೆರಳು ಕಲಸಿಹೋಯಿತು. ಆದರೆ ಅದರ ಪಕ್ಕದಲ್ಲಿ, ಷಟರ್ ತೆರೆದು ಮುಚ್ಚುವ ಹೊತ್ತನ್ನು ಹೊಂದಿಸುವ ಸಣ್ಣ ತಿರುಪೊಂದಿತ್ತು. ಟರ್ನರ್ ಅದನ್ನೇ ನೋಡುತ್ತ ನಿಂತ. ಕಾರ್ಖಾನೆಯಲ್ಲಿ ಗಿರ್ರನೆ ತಿರುಗುವ ಕಬ್ಬಿಣದ ತುಂಡು ಕೆಲವೊಮ್ಮೆ, ಕಣ್ಣಿಗೆ ಕಾಣದಷ್ಟು ಬೇಗ ಆರಿ ಹೊತ್ತುವ ಟ್ಯೂಬ್‌ಲೈಟಿನ ಕೆಳಗೆ ನಿಂತ ಹಾಗೆ ಕಾಣುವುದುಂಟು. ಎಷ್ಟೋ ಹೊಸಬರ ಬೆರಳನ್ನು ಅವನು ಅದರಿಂದ ದೂರ ಎಳೆದಿದ್ದ. ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತನ್ನು ಚೂರು ಚೂರು ಮಾಡಿದರೆ ಓಡುವುದೂ ನಿಂತ ಹಾಗೆ ಕಾಣುತ್ತದೆ.

"ಇದರಲ್ಲಿ ಕೈಯಿಂದ ಹೊತ್ತು ಕತ್ತರಿಸಬಹುದು," ಎಂದು ಹೆಂಡತಿಗೆ ಹೇಳಿದ. "ಆದರೆ ಚಿತ್ರ ಕಪ್ಪಾಗುತ್ತೆ. ಪಕ್ಕದಿಂದ ಒಂದು ದೀಪ ಬೇಕು."

"ಹಿಡಿ ಮತ್ತೆ," ಎಂದಳು ಅವಳು.

ಒಡತಿ ತನ್ನ ಮೇಜಿನ ದೀಪ ತಂದು ಹಿಡಿದಳು. ಟರ್ನರ್ ತಿರುಪನ್ನು ಮೂರು ಗೀಟು ತಿರುಗಿಸಿದ. ಹೆಂಡತಿ ಇರುವೆಗಳನ್ನು ಮತ್ತೆ ಓಡಿಸಿದಳು. ಟಿವಿಯಲ್ಲಿ ಹತ್ತು ಬೆರಳೂ ಎಣಿಸುವ ಹಾಗೆ ಕಂಡವು, ಕಿರುಬೆರಳು ಹಿಂದಕ್ಕೆ ಹಿಂದಕ್ಕೆ ಜಗ್ಗುತ್ತಿತ್ತು. ಅವಳು ಅದನ್ನು ಮೂರು ಸಲ ಹಾಕಿಸಿ ನೋಡಿದಳು. ಕಥೆ ಹೇಳುವ ತನ್ನ ಕೈಯನ್ನು ಅವಳು ಎದುರಿನಿಂದ ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು.

"ಇದು," ಎಂದಳು.

"ಒಂದು ವಿಷಯ ಹೇಳಿಬಿಡ್ತೀನಿ ಸಾರ್," ಎಂದಳು ಒಡತಿ. "ಇದರಲ್ಲಿ ಮೈಕ್ ಅಷ್ಟಕ್ಕಷ್ಟೆ."

ಮಗಳು ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು. ಹೆಂಡತಿಗೆ ಹೇಳಿದಾಗ ಅವಳೂ ನಕ್ಕಳು. ಟರ್ನರ್ ತಲೆ ಕೆರೆದುಕೊಳ್ಳುತ್ತ ದುಡ್ಡು ಕೊಟ್ಟ. ಪೆಟ್ಟಿಗೆಯನ್ನು ಮನೆಯವರೆಗೂ ಹೊತ್ತವಳು ಹೆಂಡತಿ. ಅವನು ಕೇಳಿದರೂ ಕೊಡಲಿಲ್ಲ.

ಭಾನುವಾರಗಳಿಗೆ ಹೊಸ ಕ್ರಮ ಬಂತು. ಬೆಳಿಗ್ಗೆ ಟರ್ನರ್ ಬಟ್ಟೆ ಒಗೆಯಬೇಕು. ಅವನು ಒಗೆದದ್ದರಲ್ಲಿ ಅರ್ಧವನ್ನು ತಾಯಿ ಮೂಗಿಗೆ ಹಿಡಿದು ನೋಡಿ ಮತ್ತೆ ಬಕೆಟ್ಟಿಗೆ ಹಾಕಬೇಕು. ತಿಂಡಿ ಆದಮೇಲೆ ಮುಂದಿನ ಕೋಣೆಯ ಮೇಜು ಕುರ್ಚಿ ಹೊರಗೆ ಸಾಗಿಸಿ ಕಥೆಗೆ ಜಾಗ ಮಾಡಬೇಕು. ಗೋಡೆಗೆ ಬಿಳಿ ಹಾಸಿಗೆ ಬಟ್ಟೆ ಕಟ್ಟಿದರು. ಅದು ಹೊಳೆದು ಕೈಯೇ ಕಾಣಲಿಲ್ಲ. ಬಾಗಿಲಿಗೆ ಒರಗಿ ನೋಡುತ್ತಿದ್ದ ತಾಯಿ ಅದನ್ನು ಬಿಚ್ಚಿಕೊಂಡು ಹೋದಳು. ಮುಂದಿನ ಭಾನುವಾರ ಅದು ಕಡುನೀಲಿ ಬಣ್ಣ ಕುಡಿದು, ಇಸ್ತ್ರಿಯಾಗಿ, ಒಂದು ಸುಕ್ಕಿಲ್ಲದೆ ವಾಪಸು ಬಂತು.

"ಸುಕ್ಕು ಕಂಡ್ರೆ ವಾರ್ಡಿನವರು ಹಿಂದಕ್ಕೆ ಕಳಿಸ್ತಿದ್ರು," ಎಂದಳು ಮಗ ನೋಡಿದ್ದಕ್ಕೆ.

ಅಂದಿನಿಂದ ಅವಳಿಗೊಂದು ಕುರ್ಚಿ ಕೋಣೆಯಲ್ಲೇ ಉಳಿಯಿತು. ಟರ್ನರ್ ಕ್ಯಾಮೆರಾ ಹಿಂದೆ, ಮಗಳು ದೀಪದ ಹತ್ತಿರ, ಅವಳು ಕುರ್ಚಿಯಲ್ಲಿ. ಹೆಂಡತಿ ಒಂದೇ ಕಥೆಯನ್ನು ಹನ್ನೊಂದು ಸಲ ಹೇಳಿದ ದಿನವಿತ್ತು. ಒಂದು ಬೆರಳು ಅರ್ಧ ಕ್ಷಣ ತಡವಾಯಿತೆಂದು. ಹತ್ತನೆಯ ಸಲಕ್ಕೆ ಟರ್ನರ್, "ಸಾಕು, ಯಾರಿಗೆ ಗೊತ್ತಾಗುತ್ತೆ?" ಎಂದುಬಿಟ್ಟ.

"ನಿನ್ನ ಬಾಯಲ್ಲಿ ಈ ಮಾತಾ?" ಎಂದಳು ತಾಯಿ. "ಮಾಡಲಿ ಬಿಡು. ಕಲೆ ಉಳಿದ್ರೆ ನಾನೂ ಮತ್ತೆ ನೆನೆಸ್ತಿದ್ದೆ." ಆಮೇಲೆ ಮೊಮ್ಮಗಳ ತೋಳು ತಟ್ಟಿದಳು. "ಆ ಮೀನು, ಕುದುರೆ ಹತ್ರ ಕಾಲು ಕೇಳ್ತಲ್ಲ, ಕೊಡ್ತಾ ಇಲ್ವಾ ಅದು?"

"ನೋಡ್ತಾ ಇರು ಅಜ್ಜಿ."

"ನೋಡ್ತಾ ಇದ್ದೀನಿ. ಬೇಗ ಹೇಳು."

ಗಡುವಿಗೆ ನಾಲ್ಕು ದಿನ ಮೊದಲೇ ಹನ್ನೆರಡೂ ಕಥೆ ಮುಗಿದವು. ಸಭಾಂಗಣ ತೆರೆಯುವ ದಿನ ನಾಲ್ವರೂ ಹೋದರು. ತಾಯಿ ಪೆಟ್ಟಿಗೆಯ ತಳದಿಂದ ತೆಗೆದ ಬಟ್ಟೆ ಉಟ್ಟಿದ್ದಳು. ಹಲಗೆ ಹಾಸಿದ ನೆಲದ ಮೇಲೆ ಅರವತ್ತು ಮಕ್ಕಳು ಕೂತಿದ್ದರು. ಟರ್ನರ್ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡು ಹಿಂದಿನ ಗೋಡೆಗೆ ಒರಗಿ ನಿಂತ. ಪರದೆಯ ಮೇಲೆ ಅವನ ಹೆಂಡತಿ ಆಳೆತ್ತರಕ್ಕೆ ಬಂದಳು. ಇರುವೆಗಳು ಆನೆಯನ್ನು ಎತ್ತಿದವು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಪರದೆಯ ಮೇಲಿನ ಕಿರುಬೆರಳನ್ನು ತೋರಿಸಿದಳು. ಅವಳು ಕಂಡದ್ದನ್ನು ಪಕ್ಕದವರು ಕಂಡರು, ಆಮೇಲೆ ಎಲ್ಲರೂ ಕಂಡರು. ಅರವತ್ತು ಜೊತೆ ಕಾಲುಗಳು ನೆಲವನ್ನು ಬಡಿದ ಸದ್ದು ಗೋಡೆಯೊಳಗಿಂದ ಟರ್ನರ್‌ನ ಬೆನ್ನಿಗೆ ಬಂದು ತಾಗಿತು. ಅವನು ಯಾರ ಕಡೆಯೂ ನೋಡಲಿಲ್ಲ. ಕಣ್ಣಲ್ಲಿ ನೀರಿತ್ತು, ಅದನ್ನು ಒರೆಸಲು ಹೋದರೆ ಅಕ್ಕಪಕ್ಕದವರಿಗೆ ಗೊತ್ತಾಗುತ್ತಿತ್ತು.

ಕಥೆಗಳು ಮುಗಿದ ಮೇಲೆ ಮಕ್ಕಳು ಹೆಂಡತಿಯನ್ನು ಮುತ್ತಿಕೊಂಡರು. ಜೊತೆಗೆ ಬಂದವರು ಯಾರೆಂದು ಕೇಳಿದರು. ಕಿವಿ ಕೇಳದವರು ತಮ್ಮ ಹತ್ತಿರದವರಿಗೆಲ್ಲ ಕೈಯಲ್ಲೇ ಒಂದು ಹೆಸರಿಡುತ್ತಾರೆ. ಹೆಂಡತಿ ಗಂಡನ ಹೆಸರು ಹೇಳಿದಳು, ಮಗಳ ಹೆಸರು ಹೇಳಿದಳು. ಅತ್ತೆಯ ಸರದಿ ಬಂದಾಗ ಕೈ ತಡೆಯಿತು.

ಮದುವೆಯಾದ ವಾರದಲ್ಲೇ ಹುಟ್ಟಿದ ಆ ಹೆಸರು ಅತ್ತೆಯ ಬೆನ್ನ ಹಿಂದೆ ಮಾತ್ರ ಬಳಕೆಯಲ್ಲಿದ್ದದ್ದು. ಆದರೆ ಮಕ್ಕಳು ಕಾಯುತ್ತಿದ್ದರು. ಹೆಂಡತಿ ಎರಡು ಮುಷ್ಟಿಗಳನ್ನು ಒಂದಕ್ಕೊಂದು ಸೇರಿಸಿ ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದಳು. ಮಕ್ಕಳೆಲ್ಲ ಮುದುಕಿಯತ್ತ ತಿರುಗಿ ಹಾಗೆಯೇ ಮಾಡಿದರು.

"ಏನದು?" ಎಂದಳು ತಾಯಿ.

ಮಗಳು ಅಪ್ಪನ ಮುಖ ನೋಡಿದಳು.

"ಅವನನ್ನ ಯಾಕೆ ನೋಡ್ತೀಯ? ಏನೇ ಅದು?"

"ನಿನ್ನ ಹೆಸರು ಅಜ್ಜಿ."

"ನನ್ನ ಹೆಸರು ಇದಾ? ಯಾವಾಗಿಂದ?"

"ಅಮ್ಮ ನಮ್ಮನೆಗೆ ಬಂದಾಗಿಂದ."

ತಾಯಿ ಸೊಸೆಯ ಕಡೆ ನೋಡಿದಳು. ಸೊಸೆ ಕಣ್ಣು ತಗ್ಗಿಸಲಿಲ್ಲ. "ನನ್ನ ಕೈಗಿಂತ ಗಟ್ಟಿ ಕೈ ನಾನು ನೋಡಿದ್ದು ಅದೊಂದೇ," ಎಂದಳು. ಮಗಳು ಅದನ್ನು ಇದ್ದ ಹಾಗೆ ಹೇಳಿದಳು.

ತಾಯಿ ಸೊಸೆಯ ಮುಷ್ಟಿಗಳನ್ನು ದಿಟ್ಟಿಸಿದಳು. ಆಮೇಲೆ, "ತಪ್ಪು ಮಾಡ್ತಿದ್ದಾಳೆ," ಎಂದಳು.

"ಅಮ್ಮ, ಮಕ್ಕಳ ಮುಂದೆ ಬೇಡ," ಎಂದ ಟರ್ನರ್.

"ಹಿಂಡೋದು ಹಾಗಲ್ಲ ಅಂತಿದ್ದೀನಿ. ಎರಡು ಕೈಯೂ ಬೋರಲಾಗಿ ಹಿಡಿದ್ರೆ ನೀರು ಎಲ್ಲಿ ಹೋಗುತ್ತೆ? ಹೆಸರು ಇಡೋದೇ ಆದ್ರೆ ಸರಿಯಾಗಿ ಇಡಬೇಕು."

ಕೈಚೀಲವನ್ನು ಮಗನ ಕೈಗೆ ತುರುಕಿ ಅವಳು ತೋಳು ಮೇಲೆ ಮಾಡಿಕೊಂಡಳು. ಒಂದು ಅಂಗೈ ಮೇಲಕ್ಕೆ, ಒಂದು ಕೆಳಕ್ಕೆ. ಎರಡನ್ನೂ ಎದೆಯ ಮಟ್ಟಕ್ಕೆ ಎತ್ತಿ, ಒಂದನ್ನು ಒಳಕ್ಕೆ ಇನ್ನೊಂದನ್ನು ಹೊರಕ್ಕೆ ಒಂದೇ ಬಿಗಿಯಲ್ಲಿ ತಿರುಗಿಸಿದಳು. ಭುಜ ನೋಯುತ್ತಿದ್ದಿರಬೇಕು, ಮುಖದಲ್ಲಿ ಕಾಣಲಿಲ್ಲ. ಸೊಸೆ ನೋಡಿದಳು, ತನ್ನ ಕೈ ತಿದ್ದಿಕೊಂಡಳು, ಹಾಗೆಯೇ ಮಾಡಿದಳು. ಅತ್ತೆ ತಲೆಯಾಡಿಸಿದಳು. ಅರವತ್ತು ಮಕ್ಕಳು ಒಂದು ಅಂಗೈ ಮೇಲೆ ಒಂದು ಅಂಗೈ ಕೆಳಗೆ ಮಾಡಿ ತಿರುಗಿಸತೊಡಗಿದರು.

ಹೆಂಡತಿ ಬಂದು ಟರ್ನರ್‌ನ ಕೊರಳಿನಿಂದ ಕ್ಯಾಮೆರಾ ಬಿಡಿಸಿಕೊಂಡಳು. ಒಂದು ಕಣ್ಣು ಮುಚ್ಚಿ, ತಿರುಪನ್ನು ತಾನೇ ಹೊಂದಿಸಿ, ಅತ್ತೆಯ ಕೈಗಳ ಕಡೆ ಹಿಡಿದಳು.

ತಾಯಿಗೆ ಅದರ ಪರಿವೆ ಇರಲಿಲ್ಲ. ಅವಳು ಸಾಲಿನುದ್ದಕ್ಕೂ ಮಣಿಕಟ್ಟು ತಿದ್ದುತ್ತ ಹೋಗುತ್ತಿದ್ದಳು. ಕಥೆಯ ನಡುವೆ ಎದ್ದು ನಿಂತಿದ್ದ ಹುಡುಗಿಯ ಮುಂದೆ ನಿಂತು, ಅವಳ ಪುಟ್ಟ ಮುಷ್ಟಿಯನ್ನು ಹಿಡಿದು ತಿರುಗಿಸಿಕೊಟ್ಟು, "ಇನ್ನೊಂದು ಸಲ," ಎಂದಳು. ಕೈಭಾಷೆಗೆ ತರಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಹುಡುಗಿ ಇನ್ನೊಂದು ಸಲ ಹಿಂಡಿದಳು, ಹಲ್ಲು ಕಚ್ಚಿಕೊಂಡು, ಕೊನೆಯ ಹನಿಯವರೆಗೆ.

"ಹೂಂ," ಎಂದಳು ತಾಯಿ. "ಈಗ ಒಣಗುತ್ತೆ."